ಎರಡು ಗಂಟೆಯೊಳಗೆ ಇಪ್ಪತ್ತೊಂದು ಕಿಲೋಮೀಟರ್

ಮಳೆಗಾಲ ಕಳೆದು ನವೆಂಬರ್ ಬಂತೆಂದರೆ ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತ ಬೆಳಗಿನ ಜಾವ ಓಡುವವರ ಸಂಖ್ಯೆ ಏರುತ್ತದೆ. ಓಟ ಮುಗಿಸಿ ಕಿಂಗ್ಸ್ ಸರ್ಕಲ್ ಬಳಿಯ ಉಡುಪಿ ಹೋಟೆಲುಗಳಲ್ಲಿ ಇಡ್ಲಿಗೆ ಕಾಯುತ್ತ ಕುಳಿತವರ ನಡುವೆ ಕನ್ನಡವೂ ತುಳುವೂ ಕಿವಿಗೆ ಬೀಳುತ್ತವೆ. ಮಾತು ಮಾತ್ರ ಜನವರಿಯ ಮೂರನೆಯ ಭಾನುವಾರದ ಮುಂಬಯಿ ಮ್ಯಾರಥಾನಿನದು. "ಈ ಸಲ ಹಾಫ್ ಎರಡು ಗಂಟೆಯೊಳಗೆ ಮುಗಿಸಲೇಬೇಕು ಮಾರಾಯ್ರೆ" ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಲೆಕ್ಕ ಸರಳವಾದದ್ದು. ಹಾಫ್ ಮ್ಯಾರಥಾನಿನ ದೂರ 21.0975 ಕಿಲೋಮೀಟರ್, ಕೈಯಲ್ಲಿರುವ ಸಮಯ 7,200 ಸೆಕೆಂಡು. ಭಾಗಿಸಿದರೆ ಕಿಲೋಮೀಟರಿಗೆ 341 ಸೆಕೆಂಡು, ಅಂದರೆ 5 ನಿಮಿಷ 41 ಸೆಕೆಂಡು. ಈ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೂ ಕೈಗಡಿಯಾರದಲ್ಲಿ ಇದೇ ಸಂಖ್ಯೆಯನ್ನು ಕೊನೆಯವರೆಗೆ ಕಾಯ್ದುಕೊಂಡು ಓಡಿದವರು ಎರಡು ಗಂಟೆ ಒಂದು ನಿಮಿಷಕ್ಕೆ ಗುರಿ ಮುಟ್ಟಿ, ಒಂದು ನಿಮಿಷ ಎಲ್ಲಿ ಹೋಯಿತೆಂದು ತಲೆ ಕೆರೆದುಕೊಳ್ಳುವುದು ಪ್ರತಿ ವರ್ಷ ನಡೆಯುತ್ತದೆ.

ಆ ನಿಮಿಷದ ಮೊದಲ ಕಳ್ಳ ರಸ್ತೆಯ ಅಳತೆಯಲ್ಲೇ ಇದ್ದಾನೆ. ಓಟದ ಹಾದಿಯನ್ನು ಅಳೆಯುವುದಕ್ಕೆ ಇಂದಿಗೂ ಮಾನ್ಯವಾಗಿರುವ ಸಾಧನ ಉಪಗ್ರಹವಲ್ಲ, ಸೈಕಲ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ್ದ ಅಮೆರಿಕದ ಟೆಡ್ ಕಾರ್ಬಿಟ್ 1964ರಲ್ಲಿ ಈ ವಿಧಾನವನ್ನು ವಿವರವಾಗಿ ಬರೆದಿಟ್ಟರು. 1970ರ ದಶಕದ ಆರಂಭದಲ್ಲಿ ಚಕ್ರದ ಸುತ್ತುಗಳನ್ನು ಎಣಿಸುವ ಜೋನ್ಸ್ ಕೌಂಟರ್ ಎಂಬ ಪುಟ್ಟ ಯಂತ್ರ ಅದರ ಜೊತೆ ಸೇರಿತು. ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯ ಮೇಲೆ ಸೈಕಲನ್ನು ಹಲವು ಬಾರಿ ಓಡಿಸಿ, ಆ ದೂರಕ್ಕೆ ಕೌಂಟರ್ ಎಷ್ಟು ಎಣಿಸುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳುತ್ತಾರೆ. ಬಿಸಿಲೇರಿದಂತೆ ಟೈರಿನೊಳಗಿನ ಗಾಳಿ ಹಿಗ್ಗಿ ಚಕ್ರದ ಸುತ್ತಳತೆ ತುಸು ಬದಲಾಗುವುದರಿಂದ, ಹಾದಿಯನ್ನು ಅಳೆದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ. ಅಳೆಯುವ ಗೆರೆ ಓಟಗಾರ ಓಡಬಹುದಾದ ಅತಿ ಚಿಕ್ಕ ದಾರಿ: ತಿರುವುಗಳಲ್ಲಿ ರಸ್ತೆಯಂಚಿನಿಂದ ಕೇವಲ 30 ಸೆಂಟಿಮೀಟರ್ ದೂರದಲ್ಲಿ, ಒಂದು ತಿರುವಿನಿಂದ ಮುಂದಿನದಕ್ಕೆ ನೇರವಾಗಿ. ಹೀಗೆ ಬಂದ ಉದ್ದಕ್ಕೆ ಸಾವಿರಕ್ಕೆ ಒಂದರಂತೆ ಹೆಚ್ಚಳವನ್ನೂ ಸೇರಿಸುತ್ತಾರೆ, ಏಕೆಂದರೆ ದಾರಿ ಒಂದು ಮೀಟರ್ ಕಡಿಮೆಯಾದರೂ ಅಲ್ಲಿ ಆದ ದಾಖಲೆಗಳಿಗೆ ಬೆಲೆಯಿಲ್ಲ. ಹಾಫ್ ಮ್ಯಾರಥಾನಿನಲ್ಲಿ ಈ ಹೆಚ್ಚಳವೇ 21 ಮೀಟರ್.

ಈಗ ಮಾಹಿಮಿನ ರೇತಿ ಬಂದರಿನಿಂದ ಹೊರಡುವ ಜನಸಾಗರದ ಮಧ್ಯೆ ನಿಂತ ಓಟಗಾರನನ್ನು ನೋಡಿ. ಮುಂದಿನವರನ್ನು ದಾಟಲು ಎಡಕ್ಕೆ ಸರಿಯುತ್ತಾನೆ, ನೀರಿನ ಮೇಜಿಗಾಗಿ ಬಲಕ್ಕೆ ಬರುತ್ತಾನೆ, ತಿರುವಿನಲ್ಲಿ ಒಳಗಿನ ಅಂಚು ಸಿಗದೆ ಹೊರಬದಿಯಿಂದ ಸುತ್ತುತ್ತಾನೆ. ಹೀಗೆ ಅವನು ನಿಜವಾಗಿಯೂ ಹೆಚ್ಚು ದೂರ ಓಡುತ್ತಾನೆ. ಇದರ ಮೇಲೆ ಕೈಗಡಿಯಾರದ ಜಿಪಿಎಸ್ ತನ್ನದೂ ಒಂದಷ್ಟು ಸೇರಿಸುತ್ತದೆ. ಅದು ಗುರುತಿಸುವ ಪ್ರತಿ ಬಿಂದುವೂ ನಿಜವಾದ ಜಾಗದಿಂದ ಕೆಲವು ಮೀಟರ್ ಆಚೀಚೆ ಇರುತ್ತದೆ. ಆ ಬಿಂದುಗಳನ್ನು ಕೂಡಿಸಿದಾಗ ನೇರ ಓಟವೂ ಸಣ್ಣ ಅಂಕುಡೊಂಕಾಗಿ ತೋರುತ್ತದೆ, ಅಂಕುಡೊಂಕಿನ ಗೆರೆ ನೇರ ಗೆರೆಗಿಂತ ಉದ್ದ. ಸಮುದ್ರದ ಮೇಲಿನ ಸೇತುವೆಯಾದ ವರ್ಳಿ ಸೀ ಲಿಂಕಿನ ಮೇಲೆ ತೆರೆದ ಆಕಾಶವಿದೆ. ಪೆಡ್ಡರ್ ರೋಡಿನಲ್ಲಿ ಎರಡೂ ಬದಿಯ ಎತ್ತರದ ಕಟ್ಟಡಗಳಿಗೆ ಬಡಿದು ಬರುವ ಸಂಕೇತಗಳು ಗಡಿಯಾರವನ್ನು ಇನ್ನಷ್ಟು ದಾರಿ ತಪ್ಪಿಸುತ್ತವೆ. ಓಟ ಮುಗಿದಾಗ ಅದರಲ್ಲಿ 21.3 ಕಿಲೋಮೀಟರ್ ಕಾಣುವುದು ಸಾಮಾನ್ಯ. ಈ 200 ಮೀಟರಿನ ಬೆಲೆ ಅರುವತ್ತೆಂಟು ಸೆಕೆಂಡು. ಆದ್ದರಿಂದ ಗಡಿಯಾರದ ಕಣ್ಣಿನಲ್ಲಿ ಬೇಕಾದ ವೇಗ 5:41 ಅಲ್ಲ, 5:38. ನನ್ನನ್ನು ಕೇಳಿದರೆ, ಗಡಿಯಾರದ ವೇಗಸೂಚಿಯನ್ನು ಮರೆತು, ರಸ್ತೆ ಬದಿಯ ಕಿಲೋಮೀಟರ್ ಫಲಕಗಳನ್ನು ದಾಟುವಾಗ ಒಟ್ಟು ಸಮಯವನ್ನಷ್ಟೇ ನೋಡುವುದು ಒಳ್ಳೆಯದು. ಹತ್ತನೆಯ ಫಲಕದ ಬಳಿ 56 ನಿಮಿಷ 50 ಸೆಕೆಂಡು ಎಂದು ತೋಳಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡವರಿಗೆ ಉಪಗ್ರಹದ ಹಂಗಿಲ್ಲ.

ಸಮಯದ ಆರಂಭದ ಬಗ್ಗೆ ಚಿಂತೆ ಬೇಡ. ಎದೆಯ ಮೇಲಿನ ಬಿಬ್‌ಗೆ, ಅಂದರೆ ಓಟಗಾರನ ಸಂಖ್ಯೆಯ ಚೀಟಿಗೆ, ಅಂಟಿಸಿದ ಸಮಯ ಗುರುತಿಸುವ ಚಿಪ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಆರಂಭದ ಗೆರೆಯ ಆಂಟೆನಾ ಕಳಿಸುವ ರೇಡಿಯೊ ಅಲೆಗಳಿಂದಲೇ ಶಕ್ತಿ ಪಡೆದು ಅದು ತನ್ನ ಸಂಖ್ಯೆಯನ್ನು ಮರಳಿ ಕಳಿಸುತ್ತದೆ. ಹಿಂದಿನ ಸಾಲಿನಲ್ಲಿದ್ದವರು ಗೆರೆ ದಾಟಲು ಹತ್ತು ನಿಮಿಷ ತಡವಾದರೂ ಚಿಪ್ ಲೆಕ್ಕದಲ್ಲಿ ಆ ಹತ್ತು ನಿಮಿಷ ಬರುವುದಿಲ್ಲ.

ಇಷ್ಟಾದ ಮೇಲೂ, ಎರಡು ಗಂಟೆಯ ಗುರಿ ಈ ವರ್ಷಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಕೊಟ್ಟ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ. (ರಸ್ತೆ ಓಟದ ಹಾದಿಗಳ ಅಳತೆಯಲ್ಲೂ ಅವರದು ದೊಡ್ಡ ಹೆಸರು.) ದೂರ ಎರಡುಪಟ್ಟಾದರೆ ಸಮಯ ಎರಡುಪಟ್ಟಿಗಿಂತ ತುಸು ಹೆಚ್ಚಾಗುತ್ತದೆ, ಎಷ್ಟು ಹೆಚ್ಚೆಂದರೆ, ದೂರಗಳ ಅನುಪಾತವನ್ನು 1.06ರ ಘಾತಕ್ಕೆ ಏರಿಸಿದಷ್ಟು. ಈ ಪ್ರಕಾರ ಹತ್ತು ಕಿಲೋಮೀಟರನ್ನು 54 ನಿಮಿಷದಲ್ಲಿ ಓಡಬಲ್ಲವರು ಹಾಫ್ ಮ್ಯಾರಥಾನನ್ನು 1 ಗಂಟೆ 59 ನಿಮಿಷಕ್ಕೆ ಮುಗಿಸಬಹುದು. ಡಿಸೆಂಬರಿನಲ್ಲಿ ಹತ್ತು ಕಿಲೋಮೀಟರಿಗೆ 58 ನಿಮಿಷ ಬೇಕಾದವರು ಎರಡು ಗಂಟೆ ಹತ್ತು ನಿಮಿಷದ ಗುರಿ ಇಟ್ಟುಕೊಂಡರೆ ಓಟವೂ ಚೆನ್ನಾಗಿರುತ್ತದೆ, ಮಂಡಿಯೂ ಉಳಿಯುತ್ತದೆ.

ಘಾತ ಒಂದಕ್ಕಿಂತ ಹೆಚ್ಚಾಗಿರುವುದೇಕೆ ಎಂಬುದರ ಉತ್ತರ ಸ್ನಾಯುಗಳೊಳಗಿದೆ. ದೇಹ ಗರಿಷ್ಠವಾಗಿ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದಕ್ಕೆ ಮಿತಿಯಿದೆಯೆಂದು 1920ರ ದಶಕದಲ್ಲಿ ಬ್ರಿಟನ್ನಿನ ಶರೀರವಿಜ್ಞಾನಿ ಎ. ವಿ. ಹಿಲ್ ತಾವೂ ಓಡಿ, ಇತರರನ್ನೂ ಓಡಿಸಿ ತೋರಿಸಿದರು. ಆದರೆ ಎರಡು ಗಂಟೆಯ ಓಟ ಆ ಮಿತಿಯ ಹತ್ತಿರವೂ ನಡೆಯುವುದಿಲ್ಲ; ಅದನ್ನು ಆಳುವುದು ಅದಕ್ಕಿಂತ ಕೆಳಗಿನ ಇನ್ನೊಂದು ಗಡಿ. ಸ್ನಾಯುಗಳು ಸಕ್ಕರೆಯನ್ನು ಒಡೆಯುವಾಗ ಲ್ಯಾಕ್ಟೇಟ್ ಸದಾ ಉಂಟಾಗುತ್ತಲೇ ಇರುತ್ತದೆ, ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತಲೂ ಇರುತ್ತವೆ. ಅದನ್ನು ಬರಿಯ ಕಸವೆಂದು ತಿಳಿದಿದ್ದ ಕಾಲವೊಂದಿತ್ತು. 1980ರ ದಶಕದಿಂದ ಅಮೆರಿಕದ ಶರೀರವಿಜ್ಞಾನಿ ಜಾರ್ಜ್ ಬ್ರೂಕ್ಸ್ ಅವರ ಸಂಶೋಧನೆ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ವೇಗ ಒಂದು ಗಡಿ ದಾಟಿದಾಗ ಹುಟ್ಟುವ ಲ್ಯಾಕ್ಟೇಟ್ ಬಳಕೆಯಾಗುವುದಕ್ಕಿಂತ ಹೆಚ್ಚಾಗಿ ರಕ್ತದಲ್ಲಿ ಸೇರುತ್ತ ಹೋಗುತ್ತದೆ. ಲ್ಯಾಕ್ಟೇಟ್ ತಾನೇ ಆಯಾಸವಲ್ಲ, ಆದರೆ ಅದರ ಏರಿಕೆ ಸ್ನಾಯುವಿನ ಒಳಗಿನ ರಾಸಾಯನಿಕ ಸಮತೋಲ ಕೆಡುತ್ತಿರುವುದರ ಗುರುತು. ಹಾಫ್ ಮ್ಯಾರಥಾನನ್ನು ಈ ಗಡಿಯ ಸ್ವಲ್ಪ ಕೆಳಗೆ ನಿಂತು ಓಡಬೇಕು.

ತೊಡಕೆಂದರೆ, ಗಡಿ ದಾಟಿದ್ದು ಮೊದಲ ಕೆಲವು ಕಿಲೋಮೀಟರುಗಳಲ್ಲಿ ಗೊತ್ತಾಗುವುದಿಲ್ಲ. ಓಟ ಶುರುವಾದಾಗ ಆಮ್ಲಜನಕದ ಬಳಕೆ ಬೇಕಾದ ಮಟ್ಟಕ್ಕೆ ಏರಲು ಎರಡು ಮೂರು ನಿಮಿಷ ಹಿಡಿಯುತ್ತದೆ, ಅಷ್ಟರವರೆಗಿನ ಕೊರತೆಯನ್ನು ಸ್ನಾಯು ಬೇರೆ ದಾರಿಯಿಂದ ತುಂಬಿಸಿಕೊಳ್ಳುತ್ತದೆ. ವಾರದ ವಿಶ್ರಾಂತಿಯಿಂದ ಕಾಲು ಹಗುರವಾಗಿರುತ್ತದೆ, ಗಾಳಿ ತಂಪಾಗಿರುತ್ತದೆ, ಜತೆಗೆ ಪಾದಚಾರಿಗಳಿಗೆ ಎಂದೂ ತೆರೆಯದ 5.6 ಕಿಲೋಮೀಟರ್ ಉದ್ದದ ಸೀ ಲಿಂಕ್ ಆ ದಿನ ಓಟಗಾರರ ಕಾಲಡಿಯಲ್ಲಿರುತ್ತದೆ. ಅಲ್ಲಿ ಕಿಲೋಮೀಟರಿಗೆ ಹತ್ತು ಸೆಕೆಂಡು ಬೇಗ ಓಡಿದವರು ಐದು ಕಿಲೋಮೀಟರಿನಲ್ಲಿ 50 ಸೆಕೆಂಡು ಉಳಿಸುತ್ತಾರೆ. ಕೊನೆಯ ಆರು ಕಿಲೋಮೀಟರಿನಲ್ಲಿ ಕಾಲು ಸೋತು ಕಿಲೋಮೀಟರಿಗೆ ಅರ್ಧ ನಿಮಿಷ ನಿಧಾನವಾದರೆ ಮೂರು ನಿಮಿಷ ಕಳೆಯುತ್ತಾರೆ. "ಮೊದಲೇ ಸ್ವಲ್ಪ ಉಳಿಸಿಟ್ಟುಕೊಳ್ಳೋಣ" ಎಂಬುದು ಓಟಗಾರರಲ್ಲಿ ನಾನು ಕಂಡ ಅತ್ಯಂತ ಗಟ್ಟಿಯಾದ ಮೂಢನಂಬಿಕೆ.

ಮುಂಬಯಿಯಲ್ಲಿ ಈ ಗಡಿಯನ್ನು ಇನ್ನಷ್ಟು ಕೆಳಕ್ಕೆ ತಳ್ಳುವುದು ಶಾಖ. ಒಂದು ಕಿಲೋಮೀಟರ್ ಓಡಲು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು ಒಂದು ಕಿಲೋಕ್ಯಾಲರಿ ಬೇಕು. 65 ಕಿಲೋ ತೂಕದವರಿಗೆ ಹಾಫ್ ಮ್ಯಾರಥಾನಿಗೆ ಸುಮಾರು 1,370 ಕಿಲೋಕ್ಯಾಲರಿ. ಇದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಓಟಕ್ಕೆ ಒದಗದೆ ಶಾಖವಾಗಿಬಿಡುತ್ತದೆ. ಆ ಶಾಖ ಹೊರಗೆ ಹೋಗದೆ ದೇಹದಲ್ಲೇ ಉಳಿಯಿತೆಂದುಕೊಂಡರೆ ಇಪ್ಪತ್ತು ನಿಮಿಷದೊಳಗೆ ಮೈಯ ಬಿಸಿ 37 ಡಿಗ್ರಿಯಿಂದ 40ಕ್ಕೆ ಏರುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಬೆವರು: ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಇಲ್ಲಿ ಆವಿಯಾಗುವುದೇ ಮುಖ್ಯ. ಮೊಣಕೈಯಿಂದ ತೊಟ್ಟಿಕ್ಕಿ ರಸ್ತೆಗೆ ಬಿದ್ದ ಬೆವರು ದೇಹದ ನೀರನ್ನು ಕಳೆಯಿತೇ ಹೊರತು ತಂಪು ಮಾಡಲಿಲ್ಲ. ಜುಲೈ ತಿಂಗಳಲ್ಲಿ ಚಾಳಿನ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಮೂರು ದಿನವಾದರೂ ಹಸಿಯಾಗಿಯೇ ಇರುವ ಕಾರಣವೂ ಇದೇ. ಗಾಳಿಯಲ್ಲಿ ಆಗಲೇ ತುಂಬಿಕೊಂಡ ತೇವ ಹೊಸ ಆವಿಗೆ ಎಡೆ ಕೊಡುವುದಿಲ್ಲ.

ಚರ್ಮವನ್ನು ತಂಪಾಗಿಡಲು ಹೃದಯ ಒಂದಷ್ಟು ರಕ್ತವನ್ನು ಅಲ್ಲಿಗೆ ತಿರುಗಿಸಬೇಕಾಗುತ್ತದೆ, ಬೆವರಿನಿಂದ ರಕ್ತದ ದ್ರವಭಾಗವೂ ಕಡಿಮೆಯಾಗುತ್ತ ಬರುತ್ತದೆ. ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ತಗ್ಗಿದಾಗ ಹೃದಯ ಬಡಿತದ ಸಂಖ್ಯೆಯನ್ನು ಹೆಚ್ಚಿಸಿ ಸರಿದೂಗಿಸುತ್ತದೆ. ಹೀಗಾಗಿ ವೇಗ ಬದಲಾಗದಿದ್ದರೂ ಮಾಹಿಮಿನಲ್ಲಿ 155 ಇದ್ದ ಬಡಿತ ಮರೀನ್ ಡ್ರೈವಿನಲ್ಲಿ 170 ಆಗಬಹುದು. ಇದು ಸಹಜ ಕ್ರಿಯೆ. ಬಡಿತವನ್ನು ಒಂದೇ ಅಂಕಿಯಲ್ಲಿ ಹಿಡಿದಿಡುತ್ತೇನೆಂದು ಹಟ ಹಿಡಿದವರು ತಮಗರಿವಿಲ್ಲದೆ ನಿಧಾನವಾಗುತ್ತಾರೆ.

ಸೆಖೆಗೆ ದೇಹ ಹೊಂದಿಕೊಳ್ಳುವುದೂ ಉಂಟು. ಎರಡು ವಾರಗಳ ಕಾಲ ಸೆಖೆಯಲ್ಲಿ ಓಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪಿನಂಶ ಇಳಿಯುತ್ತದೆ. ಅಕ್ಟೋಬರಿನ ಸೆಖೆಯಲ್ಲಿ ಶಿವಾಜಿ ಪಾರ್ಕ್ ಸುತ್ತಿದವರಿಗೆ ಇದು ತಾನಾಗಿಯೇ ಒದಗುತ್ತದೆ. ಆದರೆ ತಂಪಿನ ಕೆಲವೇ ವಾರಗಳಲ್ಲಿ ಕರಗಿಯೂ ಹೋಗುತ್ತದೆ. ಅದೇ ಅಕ್ಟೋಬರಿನ ವೇಗ ನೋಡಿ ಗುರಿಯನ್ನು ಕೈಬಿಡಬಾರದು. ಜನವರಿಯಲ್ಲಿ ಮುಂಬಯಿಯ ಕನಿಷ್ಠ ತಾಪಮಾನ ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ಸೂರ್ಯ ಹುಟ್ಟುವುದು ಏಳೂಕಾಲರ ಸುಮಾರಿಗೆ. ಹಾಫ್ ಮ್ಯಾರಥಾನ್ ಬೆಳಗಿನ ಕತ್ತಲಲ್ಲೇ, ಐದರ ಆಸುಪಾಸು ಹೊರಡುವುದರಿಂದ, ಎರಡು ಗಂಟೆಯಲ್ಲಿ ಮುಗಿಸುವವರಿಗೆ ಬಿಸಿಲು ಬೀಳುವುದೇ ಇಲ್ಲವೆನ್ನಬಹುದು. ಮೂರು ಗಂಟೆ ಓಡುವವರ ಕಷ್ಟವೇ ಬೇರೆ.

ಬೆವರಿನ ಲೆಕ್ಕ ಓದಿ ಪ್ರತಿ ಮೇಜಿನಲ್ಲೂ ನೀರು ಕುಡಿಯಬೇಕೆಂದು ತಿಳಿಯುವುದು ಅಪಾಯ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶದ ಮಟ್ಟ, ಇರಬೇಕಾದುದಕ್ಕಿಂತ ಇಳಿದಿತ್ತು. ಓಡುತ್ತ ತೂಕ ಹೆಚ್ಚಿಸಿಕೊಳ್ಳುವಷ್ಟು ನೀರು ಕುಡಿದವರಲ್ಲೇ ಅದು ಹೆಚ್ಚಾಗಿ ಕಂಡಿತು. ಬಾಯಾರಿದಷ್ಟು ಕುಡಿದರೆ ಸಾಕು.

ಹಾಜಿ ಅಲಿ ದಾಟಿದ ಮೇಲೆ ಪೆಡ್ಡರ್ ರೋಡಿನ ಏರು. ಅರ್ಧ ದಾರಿ ಮುಗಿದ ಕಾಲಿಗೆ ಎದುರಾಗುವುದರಿಂದ ಅದರ ಕುಖ್ಯಾತಿ ಅಳತೆ ಮೀರಿದ್ದು. ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ನೂರಕ್ಕೆ ನಾಲ್ಕರ ಏರಿನಲ್ಲಿ ಒಂದು ಮೀಟರ್ ಓಡುವ ವೆಚ್ಚ ಸಮತಟ್ಟಿಗಿಂತ ಶೇ 23ರಷ್ಟು ಹೆಚ್ಚು. ಅಷ್ಟೇ ಇಳಿಜಾರಿನಲ್ಲಿ ಉಳಿತಾಯ ಶೇ 20ಕ್ಕೂ ಕಡಿಮೆ. ಏರು ಕಿತ್ತುಕೊಂಡದ್ದನ್ನು ಇಳಿಜಾರು ಪೂರ್ತಿ ಮರಳಿಸುವುದಿಲ್ಲ, ಏರು ಹೆಚ್ಚಿದಷ್ಟೂ ಈ ಅಂತರ ಹಿಗ್ಗುತ್ತದೆ. ವೇಗವನ್ನು ಬಿಟ್ಟುಕೊಟ್ಟು ಉಸಿರಾಟದ ಲಯವನ್ನು ಕಾಯ್ದುಕೊಳ್ಳುವುದೇ ಇಲ್ಲಿ ಸರಿಯಾದ ಕ್ರಮ. ಏರಿನಲ್ಲಿ ಇಪ್ಪತ್ತು ಸೆಕೆಂಡು ಹೋದರೆ ಹೋಗಲಿ. ಕೆಂಪ್ಸ್ ಕಾರ್ನರಿನಿಂದ ಚೌಪಾಟಿಯತ್ತ ಇಳಿಯುವಾಗ ಅದರ ಬಹುಪಾಲು ಬರುತ್ತದೆ. ಗಡಿಯಾರ ನೋಡಿಕೊಂಡು ಏರಿನಲ್ಲೂ 5:38 ಹಿಡಿದವರು ಗಡಿ ದಾಟಿ ಸುಸ್ತಾಗಿ, ಇಳಿಜಾರಿನಲ್ಲೂ ಚೇತರಿಸಿಕೊಳ್ಳಲಾರರು.

ಊಟದ ವಿಷಯದಲ್ಲಿ ಆತಂಕ ಅನಗತ್ಯ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ರೂಪದಲ್ಲಿರುವ ಸುಮಾರು 2,000 ಕಿಲೋಕ್ಯಾಲರಿ ಈ ದೂರಕ್ಕೆ ಸಾಲುತ್ತದೆ, ಹಿಂದಿನ ರಾತ್ರಿಯ ಅನ್ನ ಸಾರು ಸಾಕು. ಪೂರ್ಣ ಮ್ಯಾರಥಾನಿಗೆ ಅದು ಸಾಲದು. ಕಾರ್ಬನ್ ಹಲಗೆಯ ದುಬಾರಿ ಶೂಗಳು ಶೇ 4ರಷ್ಟು ಶಕ್ತಿ ಉಳಿಸುತ್ತವೆಂಬುದು ವೇಗದ ಓಟಗಾರರ ಮೇಲೆ ನಡೆದ ಪರೀಕ್ಷೆಯ ಫಲ. ಗಂಟೆಗೆ ಹತ್ತು ಕಿಲೋಮೀಟರಿನ ಸುಮಾರಿಗೆ ಲಾಭ ಶೇ 1ರ ಆಸುಪಾಸು. ನಿಗದಿತ ವೇಗದಲ್ಲಿ ಮುಂದೆ ಓಡಿ ಇತರರನ್ನು ಕರೆದೊಯ್ಯುವ ಪೇಸರ್ ಬೆನ್ನ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಳ್ಳುವುದರ ಲಾಭವೂ ಹಾಗೆಯೇ. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ಇಡೀ ಮ್ಯಾರಥಾನನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ ಸುತ್ತಲೂ ಪೇಸರ್‌ಗಳ ಗೋಡೆಯಿತ್ತು. ನಮ್ಮ ಗುರಿಯ ವೇಗ ಅವರದರ ಹೆಚ್ಚುಕಡಿಮೆ ಅರ್ಧ. ಗಾಳಿಯ ತಡೆ ವೇಗದ ವರ್ಗದಂತೆ ಬದಲಾಗುವುದರಿಂದ ನಮಗೆದುರಾಗುವ ತಡೆ ನಾಲ್ಕನೆಯ ಒಂದು ಪಾಲು. ನಮ್ಮ ಪೇಸರ್ ಉಪಯೋಗಕ್ಕೆ ಬರುವುದು ಲೆಕ್ಕವನ್ನು ತಲೆಯಿಂದ ಇಳಿಸಿಕೊಳ್ಳುವುದಕ್ಕೆ.

ತಲೆ ಕೊನೆಯಲ್ಲಿ ಬೇರೆ ಕೆಲಸಕ್ಕೆ ಬೇಕಾಗುತ್ತದೆ. ಸುಮಾರು ಒಂದು ಕೋಟಿ ಮ್ಯಾರಥಾನ್ ಫಲಿತಾಂಶಗಳನ್ನು ಜೋಡಿಸಿ ನೋಡಿದ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಗಂಟೆ, ಮೂರೂವರೆ, ನಾಲ್ಕು ಗಂಟೆಗಳಂಥ ದುಂಡು ಸಂಖ್ಯೆಗಳಿಗೆ ತುಸು ಮೊದಲು ಗುರಿ ಮುಟ್ಟಿದವರು ಗುಂಪಾಗಿದ್ದು, ಅವುಗಳ ನಂತರ ಸಂಖ್ಯೆ ತಟ್ಟನೆ ಕುಸಿಯುವುದು ಕಾಣುತ್ತದೆ. ನಾಲ್ಕು ಗಂಟೆಯ ಅಂಚಿನಲ್ಲಿದ್ದವರು ಕೊನೆಯ ಎರಡು ಕಿಲೋಮೀಟರುಗಳಲ್ಲಿ ವೇಗ ಉಳಿಸಿಕೊಂಡಷ್ಟು, ಗುರಿ ಕೈತಪ್ಪಿದ್ದು ಖಚಿತವಾದವರು ಉಳಿಸಿಕೊಳ್ಳಲಿಲ್ಲ. ಸ್ನಾಯುವಿಗೆ ದುಂಡು ಸಂಖ್ಯೆ ತಿಳಿಯದು. ಆಯಾಸ ಪೂರ್ತಿಯಾಗಿ ಕಾಲಿನದೇ ಆಗಿದ್ದರೆ ಫಲಿತಾಂಶದಲ್ಲಿ ಈ ಏರಿಳಿತ ಇರುತ್ತಿರಲಿಲ್ಲ. ಮಿದುಳು ಒಂದಷ್ಟನ್ನು ತನ್ನ ವಶದಲ್ಲಿಟ್ಟುಕೊಂಡು, ತಕ್ಕ ಕಾರಣ ಕಂಡಾಗ ಬಿಡುಗಡೆ ಮಾಡುತ್ತದೆ ಎಂಬ ವಾದಕ್ಕೆ ಇದು ಬಲವಾದ ಆಧಾರ. ಹತ್ತೊಂಬತ್ತನೆಯ ಕಿಲೋಮೀಟರ್ ಫಲಕದ ಬಳಿ 1 ಗಂಟೆ 48 ನಿಮಿಷ ಕಂಡವರಿಗೆ ಉಳಿದ 2.0975 ಕಿಲೋಮೀಟರಿಗೆ ಹನ್ನೆರಡು ನಿಮಿಷವಿದೆ, ಬೇಕಾಗಿರುವುದು ಕಿಲೋಮೀಟರಿಗೆ ಐದೂಮುಕ್ಕಾಲಕ್ಕಿಂತ ಸೆಕೆಂಡೆರಡು ಬೇಗದ ಓಟ, ಮತ್ತು ಆ ಓಟಕ್ಕೆ ಬೇಕಾದ ಗ್ಲೈಕೋಜನ್ ಕಾಲಿನಲ್ಲಿ ಇನ್ನೂ ಇರುತ್ತದೆ.