ಸಾಕಬಲ್ಲ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಯಾವುದು?

ಪ್ರಶ್ನೆ: ನನ್ನ ಕೈಯಲ್ಲಿ ಸುಮಾರು 15 ಲಕ್ಷ ರೂಪಾಯಿ ಇದೆ. ಈ ಹಣಕ್ಕೆ ಹೊಸ ಹೋಂಡಾ ಸಿಟಿ ಬರುತ್ತದೆ. ಏಳೆಂಟು ವರ್ಷ ಹಳೆಯ ಬಿಎಂಡಬ್ಲ್ಯು, ಮರ್ಸಿಡಿಸ್ ಅಥವಾ ಆಡಿಯೂ ಬರುತ್ತದೆ. ನಿರ್ವಹಣೆಯ ಖರ್ಚು ಕೈಮೀರದಂತಹ ಹಳೆಯ ಐಷಾರಾಮಿ ಸೆಡಾನ್ ಇದೆಯೇ?

ಉತ್ತರ: ಇದೆ. ಆದರೆ ನನ್ನನ್ನು ಕೇಳಿದರೆ ಅದು ನೀವು ಹೆಸರಿಸಿದ ಮೂರರಲ್ಲಿ ಯಾವುದೂ ಅಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಸಿಗುವ ಬಿಡದಿಯಲ್ಲಿ ತಯಾರಾದ ಟೊಯೋಟ ಕ್ಯಾಮ್ರಿ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡರಿಂದಲೂ ಓಡುವ ಕಾರು.

ಹೊಸದಾಗಿದ್ದಾಗ 45 ಲಕ್ಷ ಬೆಲೆಯಿದ್ದ ಕಾರು ಎಂಟು ವರ್ಷಗಳಲ್ಲಿ 15 ಲಕ್ಷಕ್ಕೆ ಇಳಿದಿರಬಹುದು, ಆದರೆ ಅದರ ಹೆಡ್‌ಲೈಟ್, ಸಸ್ಪೆನ್ಷನ್ ಮತ್ತು ಇಂಜೆಕ್ಟರ್‌ಗಳ ಬೆಲೆ ಇಳಿದಿರುವುದಿಲ್ಲ. ಅವುಗಳಿಗೆ ನೀವು 45 ಲಕ್ಷದ ಕಾರಿನ ಮಾಲೀಕರಂತೆಯೇ ಹಣ ಕೊಡಬೇಕಾಗುತ್ತದೆ. ವಿಮೆಯೂ ಇಲ್ಲಿ ಹೆಚ್ಚು ಆಸರೆಯಾಗುವುದಿಲ್ಲ. ಬಿಡಿಭಾಗಗಳ ಪೂರ್ಣ ಬೆಲೆ ಕೊಡುವ ‘ಝೀರೋ ಡೆಪ್ರಿಸಿಯೇಷನ್’ ಸೌಲಭ್ಯ ಸಾಮಾನ್ಯವಾಗಿ ಮೊದಲ ಐದು ವರ್ಷಗಳ ನಂತರ ಸುಲಭವಾಗಿ ಸಿಗುವುದಿಲ್ಲ, ಅದಿಲ್ಲದಿದ್ದರೆ ಬಂಪರ್‌ನಂತಹ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ 50ರಷ್ಟನ್ನು ನೀವೇ ಭರಿಸಬೇಕು. ಹಾಗಾಗಿ ಕಾರಿನ ಮೂತಿಯ ಮೇಲಿನ ಲಾಂಛನವನ್ನು ಮರೆತು, ಅದರೊಳಗೆ ಕೆಡಬಹುದಾದ ದುಬಾರಿ ಭಾಗಗಳು ಎಷ್ಟಿವೆ ಎಂದು ಎಣಿಸುವುದೇ ಸರಿಯಾದ ಆರಂಭ.

ಹಾಗೆ ಎಣಿಸಿದಾಗ ಕ್ಯಾಮ್ರಿ ಹೈಬ್ರಿಡ್ ಮುಂದೆ ನಿಲ್ಲುತ್ತದೆ. 2013ರಿಂದ ಬಿಡದಿಯಲ್ಲಿ ಜೋಡಣೆಯಾದ ಈ ಕಾರಿನಲ್ಲಿ 2.5 ಲೀಟರ್ ಪೆಟ್ರೋಲ್ ಎಂಜಿನ್ ಇದೆ, ಟರ್ಬೊ ಇಲ್ಲ. ಅದರ ಗೇರ್‌ಬಾಕ್ಸ್‌ಗೆ ‘ಇ-ಸಿವಿಟಿ’ ಎಂಬ ಹೆಸರಿದ್ದರೂ ಅದರಲ್ಲಿ ಸಾಮಾನ್ಯ ಸಿವಿಟಿಯ (ಹಂತಹಂತದ ಗೇರ್‌ಗಳಿಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ) ಬೆಲ್ಟ್ ಇಲ್ಲ, ಸವೆಯುವ ಕ್ಲಚ್ಚೂ ಇಲ್ಲ. ಗ್ರಹಗಳಂತೆ ಸುತ್ತುವ ಒಂದಿಷ್ಟು ಹಲ್ಲುಗಾಲಿಗಳು ಮತ್ತು ಎರಡು ವಿದ್ಯುತ್ ಮೋಟಾರ್‌ಗಳು ಎಲ್ಲ ಕೆಲಸವನ್ನೂ ಮಾಡುತ್ತವೆ. ಪ್ರತ್ಯೇಕ ಸ್ಟಾರ್ಟರ್ ಮೋಟಾರ್ ಆಗಲಿ, ಆಲ್ಟರ್ನೇಟರ್ ಆಗಲಿ ಇಲ್ಲ. ವೇಗ ತಗ್ಗಿಸುವ ಕೆಲಸದಲ್ಲಿ ಮೋಟಾರ್ ಪಾಲುಗೊಳ್ಳುವುದರಿಂದ ಬ್ರೇಕ್ ಪ್ಯಾಡ್‌ಗಳೂ ಬಹುಕಾಲ ಬಾಳುತ್ತವೆ.

ಎಲ್ಲರೂ ಹೆದರುವುದು ಬ್ಯಾಟರಿಗೆ. ಆ ಹೆದರಿಕೆ ಪೂರ್ತಿ ಸುಳ್ಳಲ್ಲ: ನಿಮ್ಮ ಹಣಕ್ಕೆ ಸಿಗುವಷ್ಟು ಹಳೆಯ ಕಾರಿನ ಬ್ಯಾಟರಿಗೆ ವಾರಂಟಿ ಉಳಿದಿರುತ್ತದೆಂದು ನಂಬಬಾರದು, ಬದಲಿಸುವ ಖರ್ಚು ಲಕ್ಷ ದಾಟುತ್ತದೆ. ಆದರೆ ಈ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯ ದೊಡ್ಡ ಶತ್ರು ವಯಸ್ಸಿಗಿಂತಲೂ ಸೆಕೆ. ಅದನ್ನು ತಂಪಾಗಿಡುವ ಗಾಳಿಯ ಕಿಂಡಿ ಹಿಂದಿನ ಸೀಟಿನ ಬಳಿ ಇರುತ್ತದೆ. ಅದರಲ್ಲಿ ಧೂಳು ಕಟ್ಟಿದ್ದರೆ, ಅಥವಾ ಹಿಂದಿನ ಮಾಲೀಕರು ಅದರ ಮೇಲೆ ಚೀಲ, ಹೊದಿಕೆ ಹೇರಿಕೊಂಡು ಓಡಾಡಿದ್ದರೆ, ಬ್ಯಾಟರಿ ಬೇಗ ಸೊರಗುತ್ತದೆ. ಕೊಳ್ಳುವ ಮೊದಲು ಟೊಯೋಟ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿ ತಪಾಸಣೆ ಮಾಡಿಸಿ, ಅದರ ವರದಿಯನ್ನು ಕಾಗದದಲ್ಲೇ ಪಡೆಯಿರಿ. ಇಷ್ಟೆಲ್ಲ ಗುಣವಿರುವ ಕಾರು ಮಾರುಕಟ್ಟೆಯಲ್ಲಿ ಅಪರೂಪವಾಗಲು ಒಂದು ಕಾರಣ ತೆರಿಗೆ: 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇಂತಹ ಹೈಬ್ರಿಡ್‌ಗಳಿಗೆ ಸೆಸ್ ಸೇರಿ ಶೇ 43ರಷ್ಟು ತೆರಿಗೆ ಬಿದ್ದು, ಬೆಲೆ ಏರಿ, ಮಾರಾಟ ಕುಸಿಯಿತು. ಆದ್ದರಿಂದ ಒಳ್ಳೆಯದೊಂದು ಸಿಗುವವರೆಗೆ ಕೆಲವು ತಿಂಗಳು ಕಾಯಬೇಕಾಗಬಹುದು.

ಕಾಯುವ ತಾಳ್ಮೆ ಇಲ್ಲದಿದ್ದರೆ, ಅಥವಾ ಕಾರು ಓಡಿಸುವ ಖುಷಿಯೇ ನಿಮಗೆ ಮುಖ್ಯವಾಗಿದ್ದರೆ (ಕ್ಯಾಮ್ರಿಯಲ್ಲಿ ಅದು ಕಡಿಮೆ ಎಂದು ಒಪ್ಪಿಕೊಳ್ಳಲೇಬೇಕು), 2016ರ ನಂತರದ ಬಿಎಂಡಬ್ಲ್ಯು 320ಡಿ ನೋಡಬಹುದು. ವರ್ಷವನ್ನು ಸುಮ್ಮನೆ ಹೇಳುತ್ತಿಲ್ಲ. ಅದಕ್ಕೂ ಹಿಂದಿನ 320ಡಿಯಲ್ಲಿದ್ದ ಎನ್47 ಡೀಸೆಲ್ ಎಂಜಿನ್‌ನ ಟೈಮಿಂಗ್ ಚೈನ್ ಸವೆದು ತುಂಡಾಗುವ ಕುಖ್ಯಾತಿ ಪಡೆದಿತ್ತು. ಆ ಚೈನ್ ಗೇರ್‌ಬಾಕ್ಸ್ ಇರುವ ಹಿಂಬದಿಯಲ್ಲಿದ್ದುದರಿಂದ ಅದನ್ನು ಬದಲಿಸುವ ಕೂಲಿಯೇ ಬೆನ್ನು ಮುರಿಯುತ್ತಿತ್ತು. ನಂತರ ಬಂದ ಬಿ47 ಎಂಜಿನ್ ಆ ದೃಷ್ಟಿಯಿಂದ ವಾಸಿ. ಅದರ ಜೊತೆಗಿರುವ ಝಡ್‌ಎಫ್ ಕಂಪನಿಯ ಎಂಟು ಗೇರ್‌ಗಳ ಆಟೊಮ್ಯಾಟಿಕ್ ಗಟ್ಟಿಮುಟ್ಟಾದದ್ದು. ಇದರ ಆಯಿಲ್ ಕಾರಿನ ಆಯುಷ್ಯವಿಡೀ ಸಾಕಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಲು ಸೂಚಿಸುತ್ತದೆ.

ಸ್ಕೋಡಾ ಸೂಪರ್ಬ್ ಕೂಡ ಒಳ್ಳೆಯ ಆಯ್ಕೆಯೇ, ಆದರೆ 2.0 ಡೀಸೆಲ್ ಮಾತ್ರ. 1.8 ಪೆಟ್ರೋಲ್‌ನ ಏಳು ಗೇರ್‌ಗಳ ಡಿಎಸ್‌ಜಿಯಲ್ಲಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ) ಒಣ ಕ್ಲಚ್ ಇದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಂತಹ ಕಡೆ ಇಂಚಿಂಚು ಸರಿಯುವಾಗ ಅದು ಕಾದು ಸವೆಯುತ್ತದೆ. ಡೀಸೆಲ್‌ನ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದರಿಂದ ಆ ತೊಂದರೆ ಕಡಿಮೆ. ಹಳೆಯ ಆಡಿ ಎ4ನಲ್ಲಿದ್ದ ಮಲ್ಟಿಟ್ರಾನಿಕ್ ಗೇರ್‌ಬಾಕ್ಸ್‌ನಿಂದ ದೂರವಿರಿ. ಗಾಳಿ ತುಂಬಿದ ಸಸ್ಪೆನ್ಷನ್ ಇರುವ ಎಸ್-ಕ್ಲಾಸ್ 15 ಲಕ್ಷಕ್ಕೆ ಸಿಕ್ಕರೂ ಅದು ಬಿಳಿಯಾನೆಯೇ.

ಯಾವುದನ್ನೇ ಆರಿಸಿದರೂ ಹದಿನೈದನ್ನೂ ಖರೀದಿಗೇ ಸುರಿಯಬೇಡಿ. ಎರಡು ಲಕ್ಷವನ್ನಾದರೂ ಮೊದಲ ವರ್ಷದ ಟೈರ್, ಆಯಿಲ್ ಮತ್ತು ಸಸ್ಪೆನ್ಷನ್ ಬುಷ್‌ಗಳಿಗೆಂದು ಎತ್ತಿಡಿ.

ಜಾಹೀರಾತುಗಳಲ್ಲಿ ನಂಬಲಾಗದಷ್ಟು ಅಗ್ಗವಾಗಿ ಕಾಣುವ ಕಾರುಗಳಲ್ಲಿ ಹಲವು ದೆಹಲಿಯವು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ವಯಸ್ಸು ಸಮೀಪಿಸಿದ ಕಾರುಗಳು ದಕ್ಷಿಣದ ದಾರಿ ಹಿಡಿದವು. ಆದರೆ ಅಂತಹ ಕಾರನ್ನು ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಲು ಜೀವಿತಾವಧಿ ತೆರಿಗೆ ಕಟ್ಟಬೇಕು. 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ತೆರಿಗೆಯ ದರ ಶೇ 18, ಅದರ ಮೇಲೆ ಸೆಸ್. ಕಾರಿನ ವಯಸ್ಸಿಗೆ ತಕ್ಕಂತೆ ಮೊತ್ತ ತಗ್ಗುತ್ತದಾದರೂ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಗಲ್ಲ, ಹೊಸದಾಗಿದ್ದಾಗಿನ ಬೆಲೆಗೆ. ಈ ಮೊತ್ತವನ್ನೂ ಸೇರಿಸಿ ನೋಡಿದರೆ ಕೆಎ ನೋಂದಣಿಯ ಕಾರೇ ಬಹುಪಾಲು ಅಗ್ಗವಾಗುತ್ತದೆ.

ಕೆಎ ನೋಂದಣಿಯದ್ದಾದರೆ ಇನ್ನೊಂದು ಪರೀಕ್ಷೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮಳೆನೀರು ನುಗ್ಗಿದಾಗ ದುಬಾರಿ ಕಾರುಗಳೂ ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನ ಹಳಿಗಳಲ್ಲಿ ತುಕ್ಕು ಹುಡುಕಿ, ಡಿಕ್ಕಿಯ ನೆಲಹಾಸನ್ನು ಎತ್ತಿ ಮೂಸಿ ನೋಡಿ. ಹಿಂಭಾಗದಲ್ಲೇ ಬ್ಯಾಟರಿ ಹೊತ್ತಿರುವ ಕ್ಯಾಮ್ರಿಯಲ್ಲಿ ಈ ಪರೀಕ್ಷೆಯನ್ನು ಎರಡು ಬಾರಿ ಮಾಡಿದರೂ ತಪ್ಪಿಲ್ಲ.