ಬಾಡಿಗೆ ಅಗ್ರಿಮೆಂಟ್ 11 ತಿಂಗಳು, ಕೆನಡಾ ಕೇಳೋದು 12

ಸಂಗಾತಿ ಜೊತೆ ಕೆನಡಾದಲ್ಲಿ ನೆಲೆಸೋಕೆ ವೀಸಾ ಫೈಲ್ ಮಾಡ್ಸೋಕೆ ಅಂತ ನನ್ನ ಆಫೀಸಿಗೆ ಬರೋ ಗೇ, ಲೆಸ್ಬಿಯನ್ ಜೋಡಿಗಳು ಮೊದ್ಲು ಕೇಳೋದು ಒಂದೇ ಪ್ರಶ್ನೆ, "ಸರ್, ಇಲ್ಲಿ ನಮ್ಮ ಮದುವೆಗೆ ಕಾನೂನೇ ಇಲ್ವಲ್ಲ, ಅಲ್ಲಿನವ್ರು ಹೆಂಗೆ ಒಪ್ತಾರೆ?" ಒಪ್ತಾರೆ ಕಣ್ರೀ. 2023ರ ಅಕ್ಟೋಬರ್ 17ಕ್ಕೆ ನಮ್ಮ ಸುಪ್ರೀಂ ಕೋರ್ಟ್ ಆಗಲ್ಲ ಅಂದಿದ್ದು ಇಲ್ಲಿನ ಮದುವೆಗೆ. ಕೆನಡಾದ ಆಫೀಸರ್ ನೋಡೋದು ಕೆನಡಾ ಕಾನೂನು, ಅಲ್ಲಿ ದೇಶಾದ್ಯಂತ 2005ರಿಂದಲೇ ಇಂಥ ಮದುವೆ ನಡೀತಿದೆ. ತೊಂದ್ರೆ ಇರೋದು ಫೈಲಲ್ಲಿ. ಇಷ್ಟು ವರ್ಷ ಓನರ್ ಕಣ್ಣಿಂದ, ಮನೆಯವರಿಂದ, ಆಫೀಸಿನವರಿಂದ ಏನನ್ನ ಮುಚ್ಚಿಟ್ಕೊಂಡು ಬಂದ್ರೋ ಅದನ್ನೇ ಈಗ ಕಾಗದದ ಮೇಲೆ ತೋರ್ಸಿ ಅಂತಾರೆ.

ಕೆನಡಾದ ಸಿಟಿಜನ್ ಅಥವಾ ಪಿಆರ್ (ಅಲ್ಲೇ ಕಾಯಂ ಇರೋ ಹಕ್ಕು) ಇರೋರು ಸಂಗಾತಿನ ಸ್ಪಾನ್ಸರ್ ಮಾಡಿ ಕರೆಸ್ಕೊಳ್ಳೋಕೆ ಮೂರು ದಾರಿ ಇದೆ. ಮದುವೆ ಆಗಿದ್ರೆ ಸ್ಪೌಸ್, ಆಗದೆ 12 ತಿಂಗಳು ಬಿಡದೆ ಒಟ್ಟಿಗೆ ಸಂಸಾರ ಮಾಡಿದ್ರೆ ಕಾಮನ್-ಲಾ, ಇವೆರಡಕ್ಕೂ ನಿಜವಾದ ಅಡ್ಡಿ ಇದ್ದು ಸಂಬಂಧಕ್ಕೆ ಒಂದು ವರ್ಷನಾದ್ರೂ ಆಗಿದ್ರೆ ಕಾಂಜುಗಲ್ ಪಾರ್ಟ್ನರ್.

ನಮ್ಮೂರಿನ ಹುಡುಗರು ಸಿಕ್ಕಿಹಾಕ್ಕೊಳ್ಳೋದು ಆ 12 ತಿಂಗಳಲ್ಲಿ. ಬೆಂಗಳೂರಲ್ಲಿ ಬಾಡಿಗೆ ಅಗ್ರಿಮೆಂಟ್ ಅಂದ್ರೆ 11 ತಿಂಗಳು, ರಿಜಿಸ್ಟ್ರೇಶನ್ ತಾಪತ್ರಯ ಬೇಡ ಅಂತ. ಒಂದು ಜೋಡಿ ಬಂದಿದ್ರು, ಒಬ್ಬ ಕೆನಡಾ ಸಿಟಿಜನ್, ಕೆಲಸದ ಮೇಲೆ ಇಲ್ಲಿಗೆ ಬಂದೋನು, ಇನ್ನೊಬ್ಬ ಹಾಸನದ ಕಡೆಯವನು, ವಿಜಯನಗರದ ಒಂದೇ ಮನೇಲಿ ಮೂರು ವರ್ಷ. ಅಗ್ರಿಮೆಂಟ್ ಮೂರಿದೆ, ಮೂರರಲ್ಲೂ ಒಬ್ಬನದೇ ಹೆಸರು, ಇನ್ನೊಬ್ಬನ್ನ ಓನರ್ ಹತ್ರ "ಕಸಿನ್" ಅಂದಿದ್ರಂತೆ! ಕರೆಂಟ್ ಬಿಲ್ ಓನರ್ ಹೆಸರಲ್ಲಿ. ಹಂಗಾಗಿ ಬೇರೆ ಕಡೆಯಿಂದ ಕಟ್ಟಬೇಕಾಯ್ತು, ಆಧಾರ್ ಅಡ್ರೆಸ್, ಸಂಬಳದ ಅಕೌಂಟ್ ಸ್ಟೇಟ್‌ಮೆಂಟ್, ಗ್ಯಾಸ್ ಬುಕಿಂಗ್, ಒಬ್ಬರಿಂದೊಬ್ಬರಿಗೆ ಪ್ರತಿ ತಿಂಗಳು ಹೋದ ಅರ್ಧ ಬಾಡಿಗೆಯ ಯುಪಿಐ, ಹೀಗೆ. ಈಗ ಒಟ್ಟಿಗಿರೋರು ಇವತ್ತೇ ಜಾಯಿಂಟ್ ಅಕೌಂಟ್ ಮಾಡ್ಸಿ, ಅದಕ್ಕೆ ಯಾವ ಅಡ್ಡಿನೂ ಇಲ್ಲ ಅಂತ 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯನೇ ಸ್ಪಷ್ಟ ಮಾಡಿದೆ. ಕೌಂಟರಲ್ಲಿ ಮುಖ ಮುಖ ನೋಡಿದ್ರೆ ಅದರ ಪ್ರಿಂಟ್ ಮುಂದಿಡಿ.

ಕಾಂಜುಗಲ್ ಸುಲಭ ಅನ್ಕೊಂಡು ಬರೋರೇ ಜಾಸ್ತಿ, ನನ್ನ ಪ್ರಕಾರ ಅದೇ ಕಷ್ಟದ್ದು. ಯಾಕೆ ಒಟ್ಟಿಗಿರೋಕೆ ಆಗ್ಲಿಲ್ಲ, ಯಾಕೆ ಬೇರೆ ದೇಶಕ್ಕೆ ಹೋಗಿ ಮದುವೆ ಆಗ್ಲಿಲ್ಲ ಅಂತ ಕೇಳ್ತಾರೆ, ಬರೀ "ಭಾರತದಲ್ಲಿ ಕಾನೂನಿಲ್ಲ" ಅಂದ್ರೆ ಸಾಲಲ್ಲ. ಇಲ್ಲಿ ಕೆನಡಾದ ವಿಸಿಟರ್ ವೀಸಾ ರಿಜೆಕ್ಟ್ ಆದ ಲೆಟರ್ ಕೆಲಸಕ್ಕೆ ಬರುತ್ತೆ, ಬೇಜಾರಲ್ಲಿ ಹರಿದು ಹಾಕ್ಬೇಡಿ. ವೀಸಾ ಸಿಕ್ಕಿಬಿಟ್ರೆ ಕಾಂಜುಗಲ್ ಮರೆತುಬಿಡಿ, ಹೋಗಿ ಮದುವೆ ಆಗಿ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಮದುವೆ ಲೈಸೆನ್ಸಿಗೆ ಅಲ್ಲಿನ ವಾಸಿಯೇ ಆಗಿರ್ಬೇಕು ಅಂತಿಲ್ಲ, ತಗೊಂಡ್ರೆ 90 ದಿನ ನಡೆಯುತ್ತೆ. ಆದ್ರೆ ವೀಸಾ ಅರ್ಜಿಲಿ ಸಂಗಾತಿ ಅಲ್ಲಿದಾನೆ ಅನ್ನೋದನ್ನ ಮುಚ್ಚಿಡ್ಬೇಡಿ. ಝೂಮ್‌ನಲ್ಲಿ ಮದುವೆ ಆಗ್ತೀವಿ ಅಂತೀರಾ, ಇಬ್ಬರೂ ಖುದ್ದಾಗಿ ನಿಂತಿಲ್ಲದ ಮದುವೆನ ಇಮಿಗ್ರೇಶನ್‌ಗೆ 2015ರಿಂದ ಕೆನಡಾ ಒಪ್ಪಲ್ಲ.

ಇನ್ನೊಂದು ಹೊಡೆತ ಇದೆ, ಇದನ್ನ ನೆನೆಸಿಕೊಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ. ವರ್ಷಗಟ್ಟಲೆ ಒಟ್ಟಿಗಿದ್ದೋನು ತಾನೊಬ್ನೇ ಪಿಆರ್‌ಗೆ ಹಾಕ್ತಾನೆ, ಫಾರ್ಮಲ್ಲಿ "ಸಿಂಗಲ್" ಅಂತ ಟಿಕ್ ಮಾಡ್ತಾನೆ, ಏಜೆಂಟೂ ಹಂಗೇ ಹೇಳಿರ್ತಾನೆ. ಅವತ್ತು ತೋರಿಸದ ಕಾಮನ್-ಲಾ ಸಂಗಾತಿನ ಆಮೇಲೆ ಫ್ಯಾಮಿಲಿ ಅಂತ ಕರೆಸ್ಕೊಳ್ಳೋಕೆ ಅಲ್ಲಿನ ನಿಯಮ ಬಿಡಲ್ಲ. 2019ರಲ್ಲಿ ಒಂದು ತಾತ್ಕಾಲಿಕ ರಿಯಾಯಿತಿ ತಂದ್ರು, ಅದನ್ನ ನಂಬ್ಕೊಂಡು ಸುಳ್ಳು ಬರೆಯೋದು ಮೂರ್ಖತನ. ಮನೆಯವರಿಗೆ ಹೇಳ್ದೆ ಇರೋದು ನಿಮ್ಮಿಷ್ಟ, ಫಾರ್ಮಿಗೆ ಹೇಳ್ದೆ ಇರ್ಬೇಡಿ.

ಬೇರೆ ದೇಶದ್ದು ಬೇಗ ಹೇಳ್ಬಿಡ್ತೀನಿ. ಅಮೆರಿಕದ ಎಚ್-4ಗೆ, ಅಂದ್ರೆ ಅಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡೋರ ಸಂಗಾತಿ ವೀಸಾಗೆ, ಮದುವೆ ಸರ್ಟಿಫಿಕೇಟೇ ಬೇಕು, ಒಟ್ಟಿಗಿದ್ದೀವಿ ಅಂದ್ರೆ ನಡೆಯಲ್ಲ. ಸಂಗಾತಿ ಅಲ್ಲಿನ ಸಿಟಿಜನ್ ಆಗಿದ್ರೆ ಮದುವೆ ಆಗೋಕೆ ಹೋಗೋರ ಕೆ-1 ವೀಸಾ ಇದೆ, ಹೋದ 90 ದಿನದೊಳಗೆ ಮದುವೆ ಆಗ್ಬೇಕು. ಬ್ರಿಟನ್‌ನಲ್ಲಿ 2024ರ ಜನವರಿಯಿಂದ ಎರಡು ವರ್ಷ ಒಂದೇ ಸೂರಿನಡಿ ಇದ್ದಿರ್ಲೇಬೇಕು ಅನ್ನೋದು ಹೋಯ್ತು, ಮದುವೆಯಂಥ ಸಂಬಂಧ ಎರಡು ವರ್ಷದ್ದಿದ್ರೆ ಸಾಕು, ಆದ್ರೆ ಅದೇ ವರ್ಷದ ಏಪ್ರಿಲ್‌ನಿಂದ ವರ್ಷಕ್ಕೆ ಇರ್ಬೇಕಾದ ಕನಿಷ್ಠ ಆದಾಯದ ಮಿತಿ 29,000 ಪೌಂಡಿಗೆ ಏರ್ಸಿದ್ರು. ಆಸ್ಟ್ರೇಲಿಯಾದ್ದೂ 12 ತಿಂಗಳೇ, ವಿಕ್ಟೋರಿಯಾದಂಥ ರಾಜ್ಯದಲ್ಲಿ ಸಂಬಂಧ ರಿಜಿಸ್ಟರ್ ಮಾಡ್ಸಿದ್ರೆ ಆ ಷರತ್ತಿಲ್ಲ.

ಕೆನಡಾದ ಫಾರ್ಮಲ್ಲಿ ಮನೆಯವರಿಗೆ, ಸ್ನೇಹಿತರಿಗೆ ನಿಮ್ಮ ಸಂಬಂಧ ಗೊತ್ತಾ ಅಂತಾನೂ ಕೇಳ್ತಾರೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ್ಲೇ ಬರೀರಿ, ಯಾಕೆ ಅನ್ನೋದನ್ನೂ ನಾಲ್ಕು ಸಾಲಲ್ಲಿ ಬರೀರಿ, 2018ರ ಸೆಪ್ಟೆಂಬರ್ ತನಕ ಇಲ್ಲಿ ಇದು ಅಪರಾಧವೇ ಆಗಿತ್ತಲ್ಲ.

ವಿಜಯನಗರದ ಹುಡುಗರು ಅಲ್ಲಿ ಬರೆದಿದ್ದೂ ಹಂಗೇ, "ಅಮ್ಮನಿಗೆ ಫ್ರೆಂಡ್ಸ್ ಅಂತ ಗೊತ್ತು." ಫೈಲ್ ಮುಚ್ಚೋ ಹೊತ್ತಿಗೆ ಅವರು ಒಂದು ರಟ್ಟಿನ ತುಂಡು ತಂದ್ರು, ಹಾಸನದಿಂದ ಆ ಅಮ್ಮ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಳಿಸಿದ್ದ ಡಬ್ಬದ್ದು, ಕೊರಿಯರ್ ಚೀಟಿ ಮೇಲೆ ತಾರೀಖು ಇತ್ತು. ವಿಳಾಸ ಕನ್ನಡದಲ್ಲಿ, ಬಾಲ್ ಪೆನ್ನಲ್ಲಿ, ಇಬ್ಬರ ಹೆಸರೂ ಒಂದರ ಕೆಳಗೊಂದು, ಎರಡರ ಹಿಂದೆನೂ "ಚಿ॥" ಅಂತ. ಕನ್ನಡದ್ದು ಏನಿದ್ರೂ ಇಂಗ್ಲಿಷ್ ಅನುವಾದ ಜೊತೆಗೆ ಹಾಕ್ಬೇಕಲ್ಲ, ಅನುವಾದ ಮಾಡೋರು ಫೋನ್ ಮಾಡಿ ಆ "ಚಿ॥"ಗೆ ಏನ್ ಬರೀಲಿ ಸರ್, ಬಿಟ್ಬಿಡ್ಲಾ ಅಂದ್ರು. ಬಿಡ್ಬೇಡಿ, ಮಕ್ಕಳಿಗೆ ದೊಡ್ಡೋರು ಬರೆಯೋ ಮಾತು ಅಂತ ಅರ್ಥ ಕೊಟ್ಟು ಬರೀರಿ, ಎರಡೂ ಹೆಸರಿಗೆ ಬರೀರಿ ಅಂದೆ.