ಚೌಕದ ಕವರ್, ಅಗಲದ ಪರದೆ

ಟಿವಿಯಲ್ಲಿ ಹಾಡು ಹಾಕಿದರೆ ಪರದೆಯ ನಡುವೆ ಆಲ್ಬಂ ಕವರ್ ಬಂದು ನಿಲ್ಲುತ್ತದೆ. ಅದು ಚೌಕ. ಎಡಬಲದಲ್ಲಿ ಎರಡು ಖಾಲಿ ಪಟ್ಟಿ. 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರದ ಪರದೆಯಾದರೆ 840 ಪಿಕ್ಸೆಲ್ ಅಗಲದಷ್ಟು ಜಾಗ ಸುಮ್ನೆ ಬಿದ್ದಿರುತ್ತದೆ. ಪರದೆಯ ಶೇ. 44ರಷ್ಟು! ಅದನ್ನು ತುಂಬಿಸೋಣ ಅಂತ ಹಳೆಯ ಕವರ್‌ಗಳನ್ನು ಅಗಲ ಮಾಡಲು ಕೂರುವವರು ಬಹಳ ಜನ. ನಾನೂ ಕೂತಿದ್ದೇನೆ.

ಕವರ್ ಚೌಕವಾಗಿದ್ದು ಒಳಗಿನ ದುಂಡು ತಟ್ಟೆಯಿಂದ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 12 ಇಂಚಿನ ಎಲ್‌ಪಿ ಎಂಬ ಗ್ರಾಮಫೋನ್ ತಟ್ಟೆ ತಂದಿತು. ದುಂಡು ತಟ್ಟೆಗೆ ಚೌಕದ ಚೀಲವೇ ಸರಿ. 1982ರಲ್ಲಿ ಸಿಡಿ ಬಂದಾಗ ಕವರ್ ಚಿಕ್ಕದಾಯಿತು, ಆಕಾರ ಬದಲಾಗಲಿಲ್ಲ. ಈಗಿನ ಟಿವಿಯ 16:9ರ ಪರದೆಯ (ಅಗಲ 16 ಪಾಲಾದರೆ ಎತ್ತರ 9) ವಂಶವೇ ಬೇರೆ. ಹಳೆಯ ಟಿವಿಯ 4:3 ಚಿತ್ರವನ್ನೂ ಸಿನಿಮಾದ ಅಗಲ ಚಿತ್ರವನ್ನೂ ಒಂದೇ ಪರದೆಯಲ್ಲಿ ಕೂರಿಸಲು 1980ರ ದಶಕದಲ್ಲಿ ಹುಡುಕಿದ ನಡುದಾರಿ ಅದು. ಚೌಕದ ಲೆಕ್ಕ ಅಲ್ಲಿರಲೇ ಇಲ್ಲ.

ಬೀಟಲ್ಸ್ ತಂಡದ 'ಅಬ್ಬೆ ರೋಡ್' ಕವರನ್ನೇ ತಗೊಳ್ಳಿ. ಲಂಡನ್ನಿನ ರಸ್ತೆ, ಜೀಬ್ರಾ ಪಟ್ಟೆ, ದಾಟುತ್ತಿರುವ ನಾಲ್ವರು. ಅಡ್ಡಕ್ಕೆ ಎಳೆದರೆ ನಾಲ್ವರೂ ಒಮ್ಮೆಲೇ ದಪ್ಪಗಾಗುತ್ತಾರೆ. ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಶೇ. 44 ಭಾಗ ಹೋಯಿತು. ಆಕಾಶ, ಮರ, ಮುಂದಿನ ರಸ್ತೆ ಹೋದ ಮೇಲೆ ದೂರಕ್ಕೆ ಓಡುವ ಆ ಬೀದಿಯ ಆಳವೇ ಉಳಿಯುವುದಿಲ್ಲ.

2007ರಲ್ಲಿ ಶಾಯ್ ಅವಿದಾನ್ ಮತ್ತು ಏರಿಯಲ್ ಶಮೀರ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಒಂದು ಜಾಣ ಉಪಾಯ ತೋರಿಸಿದರು. ಹೆಸರು ಸೀಮ್ ಕಾರ್ವಿಂಗ್. ಕಂಪ್ಯೂಟರ್ ಪ್ರತಿ ಪಿಕ್ಸೆಲ್ಲನ್ನೂ ಅಕ್ಕಪಕ್ಕದವುಗಳ ಜೊತೆ ಹೋಲಿಸುತ್ತದೆ. ವ್ಯತ್ಯಾಸ ಜಾಸ್ತಿ ಇದ್ದರೆ ಅಲ್ಲಿ ಮುಖವೋ ಎಲೆಯೋ ಅಕ್ಷರವೋ ಇದೆ ಎಂದು ಲೆಕ್ಕ. ಕಡಿಮೆ ಇದ್ದರೆ ಬರೀ ಆಕಾಶ, ಬರೀ ಗೋಡೆ. ಆಮೇಲೆ ಚಿತ್ರದ ತುದಿಯಿಂದ ಬುಡದವರೆಗೆ ಒಂದು ದಾರಿ ಹುಡುಕುತ್ತದೆ. ಒಂದು ಸಾಲಿನಲ್ಲಿ ಒಂದೇ ಪಿಕ್ಸೆಲ್ ತುಳಿಯಬೇಕು. ಮುಂದಿನ ಹೆಜ್ಜೆ ನೇರ ಕೆಳಗೆ, ಇಲ್ಲವೇ ಅದೇ ಕೆಳಸಾಲಿನಲ್ಲಿ ಒಂದು ಮನೆ ಆಚೆ ಅಥವಾ ಈಚೆ. ಮುಳ್ಳು ತಪ್ಪಿಸಿಕೊಂಡು ಹೊಲ ದಾಟುವ ಕಾಲುದಾರಿ ಥರ, ಒಟ್ಟು ವ್ಯತ್ಯಾಸ ಎಲ್ಲಕ್ಕಿಂತ ಕಡಿಮೆ ಇರುವ ದಾರಿಯೇ 'ಸೀಮ್'. ಅದನ್ನು ತೆಗೆದರೆ ಚಿತ್ರ ಒಂದು ಪಿಕ್ಸೆಲ್ ಕಿರಿದಾಗುತ್ತದೆ. ತೆಗೆಯದೆ ಅದರ ಪಕ್ಕ ಅಂಥದ್ದೇ ಇನ್ನೊಂದು ಸೇರಿಸಿದರೆ ಒಂದು ಪಿಕ್ಸೆಲ್ ಅಗಲವಾಗುತ್ತದೆ. ಬಯಲಿನ ಫೋಟೋ, ಸಮುದ್ರದ ಫೋಟೋಗಳಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ನಮ್ಮ ಕವರಿಗೆ ಬೇಕಿರುವುದು ಅಂಥ 840 ಎಳೆ. ಇರುವುದೇ 1080! ಅಷ್ಟು ಸೇರಿಸುವಾಗ ಜೀಬ್ರಾ ಪಟ್ಟೆ ತಪ್ಪಿಸಿಕೊಂಡು ಹೋಗಲು ದಾರಿಯೇ ಇಲ್ಲ. ಒಂದು ಪಟ್ಟೆ ದಪ್ಪ, ಇನ್ನೊಂದು ಸಣ್ಣ ಆಗುತ್ತದೆ. ಸಮನಾಗಿರಬೇಕಾದದ್ದು ಸ್ವಲ್ಪ ಏರುಪೇರಾದರೂ ನಮ್ಮ ಕಣ್ಣು ತಕ್ಷಣ ಹಿಡಿಯುತ್ತದೆ, ಅಲ್ವಾ?

ಈಗ ಎಐ ಬಂದಿದೆ. ಅದು ಎಳೆಯುವುದಿಲ್ಲ, ಹೊರಗೆ ಹೊಸದಾಗಿ ಬರೆಯುತ್ತದೆ. ಲಕ್ಷಗಟ್ಟಲೆ ಚಿತ್ರ ನೋಡಿ ಕಲಿತ ಯಂತ್ರ, ಅಂಚಿನಲ್ಲಿ ರಸ್ತೆ ಇದ್ದರೆ ಆಚೆ ಏನಿರಬಹುದು ಎಂದು ಊಹಿಸುತ್ತದೆ. ಊಹೆ ನಂಬುವ ಹಾಗೇ ಇರುತ್ತದೆ. ನನಗೆ ಕಸಿವಿಸಿ ಆಗುವುದು ಅದಕ್ಕೇ. 1969ರ ಆಗಸ್ಟ್ 8ರಂದು ಈ ಕವರಿಗಾಗಿ ಫೋಟೋಗ್ರಾಫರ್ ಇಯಾನ್ ಮ್ಯಾಕ್‌ಮಿಲನ್ ರಸ್ತೆಯ ನಡುವೆ ಏಣಿ ಹತ್ತಿ, ಹತ್ತೇ ನಿಮಿಷದಲ್ಲಿ 6 ಫೋಟೋ ತೆಗೆದರು. ಪಕ್ಕದಲ್ಲಿ ಅವತ್ತು ನಿಜವಾದ ಮನೆಗಳಿದ್ದವು, ನಿಜವಾದ ಮರಗಳಿದ್ದವು. ಯಂತ್ರ ಬರೆಯುವುದು ಅವನ್ನಲ್ಲ. ಈ ಕವರನ್ನು ನಾನು ಚೌಕವಾಗಿಯೇ ಬಿಟ್ಟೆ.

ಪಿಂಕ್ ಫ್ಲಾಯ್ಡ್ ಎಂಬ ಸಂಗೀತ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ವಿಷಯ ಹಾಗಲ್ಲ. 1973ರ ಈ ಕವರ್ ಹಿಪ್ನೋಸಿಸ್ ಎಂಬ ವಿನ್ಯಾಸ ತಂಡದ್ದು, ಚಿತ್ರ ಜಾರ್ಜ್ ಹಾರ್ಡಿ ಅವರದು. ಕಪ್ಪು ಹಿನ್ನೆಲೆ, ನಡುವೆ ಪಟ್ಟಕ. ಎಡದಿಂದ ಬಿಳಿ ಬೆಳಕು ಬಂದು ಬಲಕ್ಕೆ 6 ಬಣ್ಣವಾಗಿ ಹೊರಡುತ್ತದೆ. ಎಲ್‌ಪಿಯ ಕವರ್ ಬಿಚ್ಚಿದರೆ ಆ ಬಣ್ಣಗಳು ಒಳಗೂ ಮುಂದುವರಿಯುತ್ತವೆ. ಅಲ್ಲಿ ಒಂದು ಗೆರೆ ಎದೆಬಡಿತದಂತೆ ಏರಿಳಿಯುತ್ತದೆ. ಹಿಂಬದಿಯಲ್ಲಿ ತಲೆಕೆಳಗಾದ ಇನ್ನೊಂದು ಪಟ್ಟಕ ಬಣ್ಣಗಳನ್ನು ಮತ್ತೆ ಬಿಳಿ ಬೆಳಕು ಮಾಡುತ್ತದೆ. ಈ ಚಿತ್ರ ಚೌಕದ ಅಂಚಿನಲ್ಲಿ ಮುಗಿಯುವುದೇ ಇಲ್ಲ. ಅಗಲ ಮಾಡಲು ಎಐ ಬೇಡ, ಸೀಮ್ ಬೇಡ. ನಡುವೆ ಕವರ್ ಇಟ್ಟು, ಎರಡೂ ಕಡೆ ಅದೇ ಕಪ್ಪು ಬಳಿದು, ಅದೇ ಓರೆಯಲ್ಲಿ ಗೆರೆಗಳನ್ನು 420 ಪಿಕ್ಸೆಲ್ ಮುಂದಕ್ಕೆ ಎಳೆದರೆ ಸಾಕು. ಒಂದು ಸ್ಕೇಲಿನ ಕೆಲಸ. ಹತ್ತು ನಿಮಿಷದಲ್ಲಿ ಬಿಳಿ ಗೆರೆ ಟಿವಿಯ ಎಡ ಅಂಚು ಮುಟ್ಟಿತ್ತು, ಬಣ್ಣಗಳು ಬಲ ಅಂಚು.